ಮಾಳಿಗೆ ಮೇಲಿನ ದಾಳಿಂಬೆ ಮತ್ತು ನಿಮ್ಮ ಹಳೆಯ ಧೋತರ

ಶಿರಗುಪ್ಪಿ
ಸೋಮವಾರ, 6 ಅಕ್ಟೋಬರ್ 2025

ತೃಪ್ತಿಯ ಅಪ್ಪಾರಿಗೆ,

ನಿಮ್ಮ ಜಿನಮತಿಯ ಜೈ ಜಿನೇಂದ್ರ. ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಮೊದಲು ನಿಮ್ಮ ಕಾಲಿನ ಸುದ್ದಿ ಹೇಳಿ. ರಾತ್ರಿ ಮಗ್ಗಲು ಬದಲಿಸುವಾಗ ತೊಡೆಯೊಳಗಿನ ರಾಡು ಚುಳುಕ್ ಎನ್ನುತ್ತದೆ ಎನ್ನುತ್ತಿದ್ದಿರಿ, ಅದು ಕಡಿಮೆಯಾಯಿತೇ? ಮಿರಜದ ನೀರು ಒಗ್ಗಿತೇ? ತೃಪ್ತಿ ಹೊತ್ತು ಮುಳುಗುವುದರೊಳಗೆ ನಿಮಗೆ ತಾಟು ಹಾಕುತ್ತಾಳೋ, ಇಲ್ಲಾ ಮಕ್ಕಳ ಟ್ಯೂಶನ್ ಮುಗಿಯಲಿ ಎಂದು ತಡ ಮಾಡುತ್ತಾಳೋ? ತಡವಾದರೆ ಸುಮ್ಮನೆ ಹಸಿದು ಮಲಗಬೇಡಿ, ಬಾಯಿಬಿಟ್ಟು ಕೇಳಿ. ಮಗಳ ಮನೆಯಲ್ಲಿ ಬೀಗರ ಹಾಗೆ ಕೂಡುವುದು ನಿಮ್ಮ ಹಳೆಯ ಚಟ. ಗೋಡೆ ಹಿಡಿದು ಕಾಲೆತ್ತುವ ವ್ಯಾಯಾಮ ದಿನಾ ನಡೆದಿದೆಯೋ, ಅಥವಾ ಅದನ್ನು ಮಾಡಿಸಲು ಬರುವವರನ್ನು ಕಬ್ಬಿನ ದರದ ಮಾತಿಗೆ ಎಳೆದು, ಚಹಾ ಕುಡಿಸಿ ಕಳಿಸುತ್ತೀರೋ? ತೃಪ್ತಿ ನನಗೆ ಎಲ್ಲ ಹೇಳುತ್ತಾಳೆ. ಹೋದ ವಾರ ಎಕ್ಸ್‌ರೇ ನೋಡಿ ಡಾಕ್ಟರು ಎಲುಬು ಪೂರ್ತಿ ಕೂಡಿದೆ, ಇನ್ನು ವಾಕರ್ ಬಿಟ್ಟು ನಡೆಯಬೇಕು ಎಂದರಂತೆ. ನೀವು ಮಾತ್ರ ಕೂತಲ್ಲಿ ಮಲಗಿದಲ್ಲಿ ಅದನ್ನು ಕೈಗೆ ಎಟುಕುವ ಹಾಗೆ ಇಟ್ಟುಕೊಳ್ಳುತ್ತೀರಂತೆ. ಇರಲಿ, ಆ ಮಾತು ಈಗ ಬೇಡ.

ಫೋನು ಇರುವಾಗ ಪತ್ರ ಏಕೆ ಎಂದು ಹುಬ್ಬು ಏರಿಸಬೇಡಿ. ಫೋನಿನಲ್ಲಿ ನಾನು ಹತ್ತು ಮಾತು ಆಡಿದರೆ ಆ ಕಡೆಯಿಂದ ಒಂದು ಹೂಂ ಬರುತ್ತದೆ, ಮುಂದಿನದು ಬಾಯಿಗೆ ಬರುವಷ್ಟರಲ್ಲಿ ಇಡಲೇ ಎಂದು ಕೇಳಿ ಇಟ್ಟೇಬಿಡುತ್ತೀರಿ. ಕಾಗದದ ಮುಂದೆ ನೀವು ಹಾಗಲ್ಲ. ಕಿರಾಣಿ ಕಟ್ಟಿಕೊಟ್ಟ ಪೇಪರಿನ ಚೂರನ್ನೂ ಕನ್ನಡಕ ಹಾಕಿಕೊಂಡು ಓದಿ ಮುಗಿಸಿಯೇ ಎಸೆಯುವವರು. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಉಳಿದದ್ದು ಬಸದಿಯಲ್ಲಿ ಶಾಸ್ತ್ರ ಓದಿ ಓದಿ ಕೂಡಿಸಿಕೊಂಡದ್ದು. ಹಾಗಾಗಿ ನನ್ನ ಪತ್ರವೂ ಪುರಾಣದಷ್ಟು ಉದ್ದವಾದರೆ ಅದು ನನ್ನ ತಪ್ಪಲ್ಲ, ಕಲಿಸಿದ ಪುಸ್ತಕಗಳದ್ದು. ನಿಮ್ಮ ಮಗ ಸಮ್ಮೇದ ಮಧ್ಯಾಹ್ನ ಟ್ರ್ಯಾಕ್ಟರಿನ ಸಾಮಾನು ತರಲು ಮಿರಜಕ್ಕೆ ಹೊರಟಿದ್ದಾನೆ. ಸಕ್ಕರೆ ಕಾರ್ಖಾನೆ ಶುರುವಾಗುವ ಹೊತ್ತು ಬಂತು, ಟ್ರಾಲಿಯ ಬೇರಿಂಗು ಸದ್ದು ಮಾಡುತ್ತಿದೆ. ಪತ್ರ ಅವನ ಕೈಯಲ್ಲೇ ಕಳಿಸುತ್ತೇನೆ.

ಬುಧವಾರ ತೃಪ್ತಿ ಫೋನ್ ಮಾಡಿ ನೀವು ಹೇಳಿಕಳಿಸಿದ ಮಾತು ತಿಳಿಸಿದಳು. "ಮಾಳಗಿ ಮ್ಯಾಲಿನ ಡ್ರಮ್ಮೆಲ್ಲಾ ಅಕ್ಕುತಾಯಿಗೆ ಕೊಟ್ಟಬಿಡು ಅಂತ ನಿಮ್ಮವ್ವಗ ಹೇಳು. ನಾ ಇನ್ನ ಆ ಪಾವಟಿಗಿ ಏರಾಂವಲ್ಲ." ಹೀಗೇ ಅಂದಿರಂತೆ. ಹೇಳಿ ಅವಳು ಅತ್ತಳು. ನಾನು ಅಳಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಏಕೆಂದರೆ ಆ ಫೋನು ಬಂದಾಗ ನಾನು ಅದೇ ಮಾಳಿಗೆಯ ಮೇಲೆ, ಅದೇ ಡ್ರಮ್ಮಿನ ಮುಂದೆ, ನಿಮ್ಮ ದಾಳಿಂಬೆ ಗಿಡವನ್ನು ಬಾಯಿ ತೆರೆದು ನೋಡುತ್ತ ಕೂತಿದ್ದೆ. ನೀವು ನೋಡಿದ್ದರೆ ನೀವೂ ಹಾಗೇ ಕೂಡುತ್ತಿದ್ದಿರಿ. ಆದರೂ ಯಜಮಾನರ ಮಾತು ಎಂದು ಗೋಡೆಯಾಚೆಯ ಅಕ್ಕುತಾಯಿಯನ್ನು ಕರೆದು ಹೇಳಿದೆ. ದವಾಖಾನೆಯಲ್ಲಿ ಆಯಾ ಆಗಿ ನಿವೃತ್ತಳಾದ ಹೆಂಗಸು, ನೇರ ಮಾತು. ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂದಳು: "ಮಾಲಕ್ರ ಬಂದು ತಮ್ಮ ಕೈಲೆ ಕೊಟ್ರ ತಗೋತೀನಿ. ಫೋನಿನ್ಯಾಗಿನ ದಾನ ನಂಗ ಬ್ಯಾಡ." ಹೀಗಾಗಿ ಡ್ರಮ್ಮು ಕೊಟ್ಟಿಲ್ಲ. ಏಕೆ ಕೊಡುವುದಿಲ್ಲ ಎಂಬುದನ್ನು ಮುಂದೆ ಓದಿ.

ಶುರುವಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಏಕೆಂದರೆ ನೀವು ಅದನ್ನು ಮರೆತು ಕೂತಿದ್ದೀರಿ ಎಂದು ನನಗೆ ಅನುಮಾನ. ಹೊಳೆ ಕಡೆಯ ನಮ್ಮ ಹೊಲ ಸವಳಾಗಿ, ಮಣ್ಣಿನ ಮೇಲೆ ಬಿಳಿ ಉಪ್ಪು ಎದ್ದು, ಬದುವಿಗೆ ಹಚ್ಚಿದ ಚಿಕ್ಕು, ಮಾವು ಒಂದೂ ಉಳಿಯಲಿಲ್ಲ. ಕಬ್ಬು ಹೇಗೋ ತಡೆದುಕೊಂಡಿತು. ನಿಮಗೆ ಮಾತ್ರ ಹಣ್ಣಿನ ಗಿಡದ ಹುಚ್ಚು ಬಿಡಲಿಲ್ಲ. ಒಂದು ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದು, "ನೆಲಾ ಒಲ್ಲೆ ಅಂದ್ರ ಡ್ರಮ್ಮಿನ್ಯಾಗ ಹಚ್ಚೂಣು" ಅಂದಿರಿ. ಸಮ್ಮೇದ ಹೊಲದಲ್ಲಿ ನೀರು ತುಂಬಿಡುತ್ತಿದ್ದ ನೀಲಿ ಡ್ರಮ್ಮುಗಳನ್ನು ಅಡ್ಡ ಕತ್ತರಿಸಿ, ಕಬ್ಬಿಣದ ಸಲಾಕೆ ಕಾಸಿ ತಳಕ್ಕೆ ತೂತು ಮಾಡಿ, ಒಡೆದ ಹಂಚಿನ ಚೂರು ಹರವಿದಿರಿ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನೀವು ಹಣ್ಣಿನ ಗಿಡ ಹಚ್ಚಲಿಲ್ಲ. ಡ್ರಮ್ಮಿನಲ್ಲಿ ಕಬ್ಬು ಹಚ್ಚಿದಿರಿ, ಅಂದರೆ ಹಣ್ಣಿನ ಗಿಡವನ್ನು ಕಬ್ಬಿನಂತೆಯೇ ಸಾಕಿದಿರಿ. ಸಿಟ್ಟಾಗಬೇಡಿ, ಹೇಳುವುದನ್ನು ಕೇಳಿ.

ಕಬ್ಬಿನ ರಸ ಸೋಸಿದ ಮೇಲೆ ಕಾರ್ಖಾನೆಯಲ್ಲಿ ಕರಿ ಮಳಿ ಉಳಿಯುತ್ತದಲ್ಲ, ಹೊಲಕ್ಕೆ ಟ್ರಾಲಿಗಟ್ಟಲೆ ಹಾಕುತ್ತೇವಲ್ಲ, ಅದನ್ನೇ ಹಸಿಹಸಿಯಾಗಿ ತಂದು ಡ್ರಮ್ಮಿಗೆ ಅರ್ಧ ತುಂಬಿದಿರಿ. ಹೊಲ ದೊಡ್ಡದು, ಅದರ ಬಿಸಿ ಹೊಲಕ್ಕೆ ಗೊತ್ತಾಗುವುದಿಲ್ಲ. ಡ್ರಮ್ಮಿನೊಳಗೆ ಅದು ಒಲೆಯ ಬೂದಿಯ ಹಾಗೆ ಕಾಯುತ್ತಿತ್ತು. ಚಳಿಗೆ ಬೆಕ್ಕು ಬಂದು ಗಿಡದ ಬುಡದಲ್ಲಿ ಮಲಗುವುದನ್ನು ನೋಡಿ ನೀವು, ಬೆಕ್ಕಿಗೂ ನಮ್ಮ ತೋಟ ಸೇರಿತು ಎಂದು ಹಿಗ್ಗಿದಿರಿ. ಮೊದಲು ತಂದ ಲಿಂಬೆ ಬೇರು ಬೆಂದು ಹೋದ ಮೇಲೆ ಗೊತ್ತಾಯಿತು ಬೆಕ್ಕು ಏಕೆ ಬರುತ್ತಿತ್ತು ಎಂದು. ಆಮೇಲೆ ಮಳಿಯನ್ನು ಒಂದು ಮಳೆಗಾಲ ಕೊಳೆಸಿ, ಕೆಂಪು ಮಣ್ಣು, ಹಳೆಯ ತಿಪ್ಪೆ ಗೊಬ್ಬರ ಕೂಡಿಸಿ ಮತ್ತೆ ತುಂಬಿದಿರಿ, ದಾಳಿಂಬೆ, ಚಿಕ್ಕು, ಮಾವು ಮೂರೂ ಚಿಗುರಿದವು. ಚಿಗುರಿದ್ದೇ ತಡ, ಕಬ್ಬಿಗೆ ಬೋದು ಏರಿಸುವ ಹಾಗೆ ಬುಡಕ್ಕೆ ಮಣ್ಣು ಏರಿಸಿ ಏರಿಸಿ ಕಸಿ ಕಟ್ಟಿದ ಗಂಟನ್ನೇ ಹೂತುಬಿಟ್ಟಿರಿ. ಕೊನೆಗೆ ಕಟ್ಟುವುದು. ಆಷಾಢದ ಗಾಳಿಗೆ ಕಬ್ಬು ಬೀಳಬಾರದೆಂದು ಅದರದೇ ಒಣ ಎಲೆಯ ರವದಿ ತಿರುವಿ ನಾಲ್ಕೈದು ಕಬ್ಬು ಕೂಡಿಸಿ ಬಿಗಿಯುತ್ತೀರಲ್ಲ, ಆ ಕೈಗೆ ಸಡಿಲ ಎಂಬುದು ಗೊತ್ತೇ ಇಲ್ಲ. ಒಂದೊಂದು ಗಿಡದ ಸುತ್ತ ಆಳೆತ್ತರದ ಬಿದಿರು ನೆಟ್ಟು, ನೈಲಾನ್ ಹಗ್ಗದಿಂದ ಬುಡದಿಂದ ತುದಿಯವರೆಗೆ ಬಿಗಿದಿರಿ. ಎಲೆ ಅಲುಗಾಡಿದರೂ ನಿಮಗೆ ಸಮಾಧಾನವಿಲ್ಲ. ಆಗ ಅಕ್ಕುತಾಯಿ ಗೋಡೆಯ ಮೇಲಿಂದ ಇಣುಕಿ, "ಏನ್ ವೈನಿ, ಮಾಲಕ್ರ ಗಿಡಾ ಕಟ್ಟ್ಯಾರೋ ಕಳ್ಳನ್ನ ಕಟ್ಟ್ಯಾರೋ" ಅಂದದ್ದು ನೆನಪಿದೆಯೇ? ನೀವು ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದಿರಿ. ಇನ್ನೂ ಬಿದಿರು ಬೇಕೆಂದು ಹೆಗಲ ಮೇಲೆ ಹೊರೆ ಇಟ್ಟುಕೊಂಡು, ಜೂನಿನ ಮೊದಲ ಮಳೆಯಲ್ಲಿ ಆ ಪಾವಟಿಗೆ ಏರಲು ಹೋಗಿಯೇ ಅಲ್ಲವೇ ನೀವು ಜಾರಿದ್ದು. ನಾನು ಅಂದು ಹಿತ್ತಲಿನಲ್ಲಿದ್ದೆ. ಬಿದಿರು ಉರುಳಿದ ಸದ್ದು ಮೊದಲು ಬಂತು, ನಿಮ್ಮ ಸದ್ದು ಬರಲೇ ಇಲ್ಲ. ಆ ಗಳಿಗೆಯನ್ನು ನಾನು ಯಾರಿಗೂ ಹೇಳಿಲ್ಲ, ನಿಮಗೂ ಇಷ್ಟೇ ಹೇಳುತ್ತೇನೆ.

ನಿಮ್ಮನ್ನು ಮಿರಜಕ್ಕೆ ಒಯ್ದ ಮೇಲೆ ಎಷ್ಟೋ ದಿನ ನಾನು ಮಾಳಿಗೆ ಹತ್ತಲಿಲ್ಲ. ಆ ಗಿಡಗಳ ಮೇಲೆಯೇ ನನಗೆ ಕೋಪವಿತ್ತು. ಮಳೆ ಇದೆ, ನೀರು ಹಾಕುವ ಕೆಲಸವಿಲ್ಲ, ಬದುಕಿದರೆ ಬದುಕಲಿ ಎಂದು ಬಿಟ್ಟಿದ್ದೆ. ಜುಲೈನಲ್ಲಿ ಒಂದು ಮುಂಜಾನೆ ಗಾಳಿ ಹೇಗೆ ಬೀಸಿತೆಂದರೆ ಮೇಲೆ ಏನೋ ಮುರಿದ ಸದ್ದು ಕೇಳಿ ಓಡಿದೆ. ದಾಳಿಂಬೆಯ ಬಿದಿರು ಬುಡದಲ್ಲಿ ಕೊಳೆತು ಮುರಿದಿತ್ತು. ಹಗ್ಗ ಗಿಡವನ್ನೂ ಜೊತೆಗೆ ಎಳೆದುಕೊಂಡು ಕೆಳಗೆ ಹಾಕಿತ್ತು. ಬೀಳದಂತೆ ಹಿಡಿಯಬೇಕಾದದ್ದೇ ಬೀಳಿಸಿದ್ದು ನೋಡಿ. ಹಗ್ಗ ಕತ್ತರಿಸಿದೆ. ತೊಗಟೆಯ ಮೇಲೆ ಹಗ್ಗ ಕೊರೆದ ಗಾಯ, ಕೈ ಬಳೆ ಬಿಗಿಯಾದಾಗ ಬೀಳುತ್ತದಲ್ಲ, ಹಾಗೆ. ಮಳೆ ಬಡಿಯುತ್ತಿದೆ, ಕಟ್ಟಲು ಏನೂ ಸಿಗಲಿಲ್ಲ. ಕೆಳಗೆ ಬಂದು ಕೈಗೆ ಸಿಕ್ಕದ್ದನ್ನು ಒಯ್ದೆ. ಈಗ ಹೇಳಿಬಿಡುತ್ತೇನೆ, ಅದು ನಿಮ್ಮ ಹಳೆಯ ಧೋತರ. ನೀರು ಸೋಸುವ ಅರಿವೆಗೆಂದು ಎತ್ತಿಟ್ಟದ್ದು, ನಿಮಗೆ ಬಹಳ ಪ್ರೀತಿಯದು. ಅದನ್ನು ಉದ್ದುದ್ದ ಹರಿದು, ಗಿಡಕ್ಕೊಂದು ಸುತ್ತು ಹಾಕಿ ಪಕ್ಕದ ಕಟಾಂಜನದ ಸಲಾಕೆಗೆ ಹೇಗೋ ಗಂಟು ಹಾಕಿ ಇಳಿದು ಬಂದೆ. ಗಂಟು ಸಡಿಲವಾಗಿತ್ತು. ಮಳೆ ಬಿಡಲಿ, ಆಮೇಲೆ ಬಿಗಿ ಮಾಡೋಣ ಎಂದುಕೊಂಡೆ. ಈ ವರ್ಷ ಮಳೆ ಎಲ್ಲಿ ಬಿಟ್ಟಿತು?

ಶ್ರಾವಣ ಮುಗಿಯುವ ಹೊತ್ತಿಗೆ ಬಿಸಿಲು ಬಿತ್ತು, ನಾನು ನಮ್ಮ ನೀಲಮಳನ್ನು ಕರೆದುಕೊಂಡು ಮೇಲೆ ಹೋದೆ. ಸೊಸೆಯ ಕೈಯಲ್ಲಿ ಹೊಸ ಹಗ್ಗ, ನನ್ನ ಕೈಯಲ್ಲಿ ಕೋಲು. ಹೋಗಿ ನೋಡಿದರೆ ದಾಳಿಂಬೆಯ ಕಾಂಡವನ್ನು ನನ್ನ ಹೆಬ್ಬೆರಳು ಮತ್ತು ತೋರುಬೆರಳು ಕೂಡಿಸಿ ಹಿಡಿದರೆ ಬೆರಳು ಕೂಡುತ್ತಿರಲಿಲ್ಲ. ಅದರ ಪಕ್ಕದಲ್ಲಿ, ಬಿಗಿದ ಕಟ್ಟು ಬಿಗಿದ ಹಾಗೇ ಇದ್ದ ಮಾವು ಹೆಚ್ಚು ಎತ್ತರವಾಗಿತ್ತು, ಆದರೆ ಸಪೂರ, ಅಗರಬತ್ತಿಯ ಕಡ್ಡಿಯ ಹಾಗೆ. ಒಂದೇ ಮಣ್ಣು, ಒಂದೇ ಮಳೆ. ಅಕ್ಕುತಾಯಿ ಗೋಡೆಯ ಆಚೆಯಿಂದ ಬಟ್ಟೆ ಒಣಹಾಕುತ್ತ, "ದಾಳಂಬ್ರಿಗೆ ಕದ್ದು ಕದ್ದು ಏನ ತಿನಸೀದಿ ವೈನಿ, ಉಳದಾವ ಏನ್ ಪಾಪ ಮಾಡ್ಯಾವ" ಅಂದಳು. ನಾನೇನು ತಿನ್ನಿಸಿದೆ? ಒಂದು ತಿಂಗಳು ಗಾಳಿ ತಿನ್ನಿಸಿದೆ, ಅಷ್ಟೇ. ಸಡಿಲ ಗಂಟಿನಲ್ಲಿ ಅತ್ತ ಇತ್ತ ತೂಗಾಡಿ ತೂಗಾಡಿ ಅದಕ್ಕೆ ತನ್ನ ಕಾಲ ಮೇಲೆ ತಾನು ನಿಲ್ಲುವ ಜರೂರು ಬಿದ್ದಿತ್ತು. ಮಾವಿಗೆ ಆ ಜರೂರೇ ಬೀಳಲಿಲ್ಲ. ನಿಲ್ಲುವ ಕೆಲಸವನ್ನು ಬಿದಿರು ಮಾಡುತ್ತಿತ್ತು, ಅದು ಸುಮ್ಮನೆ ಮೇಲೆ ಹೋಯಿತು.

ನನಗೆ ಎಷ್ಟು ಖುಷಿಯಾಯಿತೆಂದರೆ ತಲೆ ನಿಲ್ಲಲಿಲ್ಲ. ಕತ್ತರಿ ತಗೊಂಡು ಮಾವಿನ ಹಗ್ಗವನ್ನೂ ಅಲ್ಲೇ ಎಲ್ಲ ಕತ್ತರಿಸಿದೆ. ಕೊನೆಯ ಗಂಟು ಬಿಡುತ್ತಲೇ ನಿಮ್ಮ ಮಾವು, ಕುಡಿದವರು ಬಾಗಿಲಿಗೆ ಒರಗುವ ಹಾಗೆ, ನಿಧಾನಕ್ಕೆ ಬಾಗಿ ಕಟ್ಟೆಯ ಮೇಲೆ ತಲೆ ಇಟ್ಟು ಮಲಗಿತು. ನಾನು ಎತ್ತಿದೆ, ಮತ್ತೆ ಮಲಗಿತು. ನೀಲಮ ಹಗ್ಗ ಅಲ್ಲೇ ಹಾಕಿ, "ಅತ್ತಿ, ಮಾವಾರ ಬಂದ ಕೇಳಿದ್ರ, ನಾ ಅವತ್ತ ತವರಮನಿಗೆ ಹೋಗಿದ್ನಿ ಅಂತ ಹೇಳ್ತೀನಿ" ಎಂದು ಎರಡೆರಡು ಪಾವಟಿಗೆ ಹಾರಿ ಇಳಿದಳು. ನಾನೊಬ್ಬಳೇ ಅದರ ಕುತ್ತಿಗೆ ಹಿಡಿದುಕೊಂಡು ನಿಂತೆ. ಬಿಟ್ಟರೆ ಬೀಳುತ್ತದೆ, ಹಿಡಿದರೆ ಸಂಜೆಯ ಪೂಜೆಗೆ ಹೋಗುವಂತಿಲ್ಲ. ಆಗ ತಿಳಿಯಿತು, ಬಿಗಿಯುವುದು ಎಷ್ಟು ತಪ್ಪೋ ಒಮ್ಮೆಲೇ ಬಿಡುವುದೂ ಅಷ್ಟೇ ತಪ್ಪು ಎಂದು. ನೀಲಮಳನ್ನು ಕೂಗಿ ಕರೆದೆ. ಬಂದಳು, ಒಳ್ಳೆಯ ಹುಡುಗಿ, ಬಾಯಿ ಅಷ್ಟೇ ಜೋರು. ಮೊದಲು ಮಾವಿನ ನೆತ್ತಿಯ ಎಳೆ ಕುಡಿ ಚಿವುಟಿ ಮೇಲಿನ ಭಾರ ಇಳಿಸಿದೆವು. ಆಮೇಲೆ ಬೇರಿಗೆ ತಾಗದ ಹಾಗೆ ಡ್ರಮ್ಮಿನ ಅಂಚಿಗೆ ಎರಡೇ ಎರಡು ಗಿಡ್ಡ ಕೋಲು ನೆಟ್ಟೆವು, ಗಿಡದ ಸೊಂಟದವರೆಗೆ ಬರುವಷ್ಟು, ಮೇಲೆ ಬೇಡ. ಮತ್ತೆ ನಿಮ್ಮ ಧೋತರವೇ. ಅದನ್ನು ಎಂಟರ ಆಕಾರದಲ್ಲಿ ಸುತ್ತಿದೆ, ನಮ್ಮ ಕನ್ನಡದ ಎಂಟಲ್ಲ, ಕ್ಯಾಲೆಂಡರಿನ ಇಂಗ್ಲಿಷ್ ಎಂಟು. ಒಂದು ಕುಣಿಕೆಯಲ್ಲಿ ಕೋಲು, ಇನ್ನೊಂದರಲ್ಲಿ ಗಿಡ, ನಡುವೆ ಬಟ್ಟೆಯ ತಿರುವು. ಹೀಗೆ ಮಾಡಿದರೆ ಕೋಲು ಗಿಡವನ್ನು ಉಜ್ಜುವುದಿಲ್ಲ, ಗಿಡ ತೂಗಾಡುವುದೂ ತಪ್ಪುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ತೃಪ್ತಿ ಸಣ್ಣವಳಿದ್ದಾಗ ನಡೆಯಲು ಕಲಿಯುವಾಗ ನೀವು ಅವಳ ಸೊಂಟಕ್ಕೆ ಟವೆಲ್ಲು ಸುತ್ತಿ ಹಿಂದಿನಿಂದ ಸಡಿಲ ಹಿಡಿದು ಅಂಗಳದ ತುಂಬ ಓಡುತ್ತಿದ್ದಿರಿ. ಅದು ಕಣ್ಣ ಮುಂದೆ ಬಂತು. ಅವಳು ಬಿದ್ದರೆ ಮಾತ್ರ ಟವೆಲ್ಲು ಬಿಗಿಯುತ್ತಿತ್ತು, ನಡೆದರೆ ಇಲ್ಲ.

ಕೈ ಹಚ್ಚಿದ ಮೇಲೆ ಬಿಡುವುದೇ? ಮರುದಿನ ಬೋದು ಇಳಿಸಿದೆವು. ಬುಡದ ಮಣ್ಣು ಬಗೆದಾಗ ಕಸಿಯ ಗಂಟು ಸಿಕ್ಕಿತು, ತೊಗಟೆ ನೀರಿಗೆ ಮೆತ್ತಗಾಗಿತ್ತು, ಇನ್ನೊಂದು ಮಳೆಗಾಲ ಹಾಗೇ ಇದ್ದರೆ ಕೊಳೆಯುತ್ತಿತ್ತು. ಗಾಳಿಗೆ ಬಿಟ್ಟೆವು, ಈಗ ಒಣಗಿ ಗಟ್ಟಿಯಾಗಿದೆ. ಚಿಕ್ಕುವಿನ ಡ್ರಮ್ಮಿನಿಂದ ನೀರು ಇಳಿಯುತ್ತಿರಲಿಲ್ಲ. ಸಮ್ಮೇದ ಡ್ರಮ್ಮು ಮಗ್ಗಲಿಗೆ ಮಲಗಿಸಿ ಗಿಡವನ್ನು ಎಳೆದ. ಒಳಗೆ ಬೇರು ಡ್ರಮ್ಮಿನ ಗೋಡೆ ಹಿಡಿದು ಸುತ್ತಿ ಸುತ್ತಿ ಕೊಡ ಹೊರುವ ಸಿಂಬೆಯಂತಾಗಿತ್ತು. ಸಮ್ಮೇದ ನೋಡಿ, "ಹೊರಗ ಅಪ್ಪಾ ಕಟ್ಟ್ಯಾರ, ಒಳಗ ಇದು ತನ್ನ ತಾನ ಕಟ್ಟಿಕೊಂಡೈತಿ" ಅಂದ. ಹೊರಗಿನ ಸುತ್ತನ್ನು ಕತ್ತರಿಯಿಂದ ಅಲ್ಲಲ್ಲಿ ಬಿಡಿಸಿ, ದೊಡ್ಡ ಡ್ರಮ್ಮಿಗೆ ಹೊಸ ಮಣ್ಣು ಹಾಕಿ, ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಕೂಡಿಸಿ, ಮೇಲೆ ರವದಿ ಮುಚ್ಚಿದೆವು. ಒಂದು ವಾರ ಎಲೆ ಜೋತುಬಿದ್ದು ನಮ್ಮನ್ನು ಹೆದರಿಸಿತು. ಆಮೇಲೆ ಕುಡಿ ಒಡೆಯಿತು ನೋಡಿ, ತಾಮ್ರದ ಬಣ್ಣದ ಎಲೆ, ಮುಟ್ಟಿದರೆ ಬೆಣ್ಣೆ. ನಾನು ದಿನಾ ಬೆಳಿಗ್ಗೆ ಬಸದಿಯಿಂದ ಬಂದವಳೇ ಮಾಳಿಗೆ ಹತ್ತುತ್ತೇನೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ನೀಲಮ, ಅತ್ತೆಯವರಿಗೆ ಮಾಳಿಗೆಯಲ್ಲಿ ಮೂರು ಮೊಮ್ಮಕ್ಕಳು ಹುಟ್ಟಿದ್ದಾರೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದಿದ್ದಾಳೆ.

ಈಗ ದಾಳಿಂಬೆಯ ಮಾತು. ಸೆಪ್ಟೆಂಬರಿನ ಕೊನೆಗೆ ಇಲ್ಲಿ ಗಾಳಿ ಮಳೆ ಎಷ್ಟು ಜೋರಾಗಿತ್ತೆಂದು ನಿಮಗೂ ಗೊತ್ತು. ಅದಕ್ಕೆ ಎರಡೇ ದಿನ ಮುಂಚೆ ನಾನು ದಾಳಿಂಬೆಯ ಕೊನೆಯ ಪಟ್ಟಿಯನ್ನೂ ಬಿಚ್ಚಿದ್ದೆ. ಗಾಳಿ ಎದ್ದಾಗ ಜೀವ ತಡೆಯಲಿಲ್ಲ, ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಮೇಲೆ ಹೋದೆ. ಕೈಯಲ್ಲಿ ಪಟ್ಟಿ ಇತ್ತು, ಕಟ್ಟಿಬಿಡಲೇ ಎಂದು ನಾಲ್ಕು ಸಲ ಹೆಜ್ಜೆ ಮುಂದಿಟ್ಟೆ. ಗಿಡ ಬಾಗಿದ್ದು ಹೇಗೆಂದರೆ ಇನ್ನು ಮುರಿಯಿತು ಎಂದು ಕಣ್ಣು ಮುಚ್ಚಿದೆ. ತೆರೆದಾಗ ಎದ್ದು ನಿಂತಿತ್ತು. ಮತ್ತೆ ಬಾಗಿತು, ಮತ್ತೆ ಎದ್ದಿತು. ಸ್ವಲ್ಪ ಹೊತ್ತಿಗೆ ನನಗೆ ಭಯ ಹೋಗಿ ನಗು ಬರಲು ಶುರುವಾಯಿತು. ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ಪಕ್ಕದಲ್ಲಿ ನಿಂತೆ. ನಾನು ಗಿಡದ ಮಾತು ಬರೆಯುತ್ತಿದ್ದೇನೆ. ನೀವು ಅದನ್ನು ನಿಮ್ಮ ಕಾಲಿನ ಮೇಲೆ ತಗೊಂಡರೆ ಅದು ನಿಮಗೆ ಬಿಟ್ಟದ್ದು.

ಇನ್ನೂ ದೊಡ್ಡ ಸುದ್ದಿ ಉಳಿದಿದೆ. ನೀವು ಬೀಳುವ ಮುಂಚೆ ಆ ಗಿಡಕ್ಕೆ ಬಿಟ್ಟಿದ್ದ ಕೆಂಪು ಹೂವು ನೆನಪಿದೆಯೇ, ಇದು ಉದುರುವ ಹೂವು ಎಂದಿದ್ದಿರಲ್ಲ, ಎಲ್ಲವೂ ಉದುರಲಿಲ್ಲ. ಮೂರು ಕಾಯಿ ನಿಂತಿವೆ. ಎರಡು ಸಣ್ಣವು. ಒಂದು ನನ್ನ ಮುಷ್ಟಿಗಿಂತ ದೊಡ್ಡದು, ಬಿಸಿಲಿನ ಕಡೆ ಕೆನ್ನೆ ಕೆಂಪೇರಿದೆ. ಅದರ ಭಾರಕ್ಕೆ ಕೊಂಬೆ ಜಗ್ಗುತ್ತಿತ್ತು, ಧೋತರದ ಕೊನೆಯ ತುಂಡಿನಲ್ಲಿ ಜೋಳಿಗೆ ಮಾಡಿ ಅದಕ್ಕೊಂದು ತೊಟ್ಟಿಲು ಕಟ್ಟಿದ್ದೇನೆ. ಗಿಡ ತಾನೇ ನಿಂತಿದೆ, ಹಣ್ಣಿಗೆ ಮಾತ್ರ ಆಸರೆ. ಮಾವಿಗೆ ಇನ್ನೂ ಪಟ್ಟಿ ಇದೆ, ಇರಲಿ. ಬೀಳುವಷ್ಟು ಬಾಗಿದಾಗ ತಡೆಯಲು ಅಲ್ಲಿ ಒಂದು ಬಟ್ಟೆ ಇದೆ ಎಂದು ಅದಕ್ಕೆ ಗೊತ್ತಿದ್ದರೆ ಸಾಕು. ದೀಪಾವಳಿಯ ಹೊತ್ತಿಗೆ ದೊಡ್ಡ ಹಣ್ಣು ಕೀಳಲು ಬರುತ್ತದೆ.

ದೀಪಾವಳಿ ಎಂದೆನಲ್ಲ, ಅದಕ್ಕೆ ಬರುತ್ತೇನೆ. ಚಾತುರ್ಮಾಸಕ್ಕೆ ನಮ್ಮ ಬಸದಿಯಲ್ಲಿ ಮುನಿ ಮಹಾರಾಜರು ಇಳಿದಿರುವುದನ್ನು ತೃಪ್ತಿಗೆ ಫೋನಿನಲ್ಲಿ ಹೇಳಿದ್ದೆ. ದಿನಾ ಬೆಳಿಗ್ಗೆ ಅವರು ಆಹಾರಕ್ಕೆ ಹೊರಡುವ ಹೊತ್ತಿಗೆ ಓಣಿಯ ಒಂದೊಂದು ಬಾಗಿಲಲ್ಲೂ ಗಂಡ ಹೆಂಡತಿ ಮಡಿ ಉಟ್ಟು, ಅವರನ್ನು ಬರಮಾಡಿಕೊಳ್ಳಲು ಕಳಸ ಹಿಡಿದು ನಿಲ್ಲುತ್ತಾರೆ. ನಮ್ಮ ಬಾಗಿಲಲ್ಲಿ ಸಮ್ಮೇದ ಮತ್ತು ನೀಲಮ ನಿಲ್ಲುತ್ತಾರೆ, ಎರಡು ಸಲ ಮಹಾರಾಜರ ಆಹಾರ ನಮ್ಮಲ್ಲೇ ಆಯಿತು. ಪುಣ್ಯ. ನಾನು ಒಳಗೆ ಅಡುಗೆಮನೆಯಲ್ಲಿ ಇರುತ್ತೇನೆ, ಬಾಗಿಲಿಗೆ ಬಂದಿಲ್ಲ. ಓಣಿಯ ಹೆಂಗಸರು, ನೀನ್ಯಾಕೆ ನಿಲ್ಲುವುದಿಲ್ಲ, ಒಬ್ಬರೇ ನಿಂತರೂ ನಡೆಯುತ್ತದೆ ಎನ್ನುತ್ತಾರೆ. ನಡೆಯುತ್ತದೆ, ನನಗೂ ಗೊತ್ತು. ಆದರೆ ಮದುವೆಯಾಗಿ ಬಂದ ವರ್ಷ ಇದೇ ಬಾಗಿಲಲ್ಲಿ ಮೊದಲ ಸಲ ನಿಮ್ಮ ಪಕ್ಕ ನಿಂತಿದ್ದೆ. ಮಹಾರಾಜರು ಎದುರಿಗೆ ಬಂದಾಗ ನೀವು ನಮೋಸ್ತು ನಮೋಸ್ತು ಎಂದವರು, ಇಲ್ಲಿ ನಿಲ್ಲಿ ಎನ್ನುವ ಮುಂದಿನ "ಅತ್ರ ತಿಷ್ಠ" ಮರೆತು ಬೆವರಿದಿರಿ. ಹಿರಿಯರೆದುರು ಬಾಯಿ ಬಿಡದ ಹೊಸ ಸೊಸೆ ನಾನು, ಸೆರಗಿನೊಳಗಿಂದ ನಿಮಗೆ ಹೇಳಿಕೊಟ್ಟೆ. ಮಹಾರಾಜರು ನಿಂತರು. ಅವರ ಸುತ್ತ ಮೂರು ಪ್ರದಕ್ಷಿಣೆ ಹಾಕುವಾಗ ನಿಮ್ಮ ಕೈಯ ಕಳಸ ವಾಲಿ ನೀರು ನನ್ನ ಕಾಲ ಮೇಲೆ ಚೆಲ್ಲಿತ್ತು. ಅಂದಿನಿಂದ ಮುನಿಗಳು ಊರಿಗೆ ಬಂದಾಗಲೆಲ್ಲ ನಾವಿಬ್ಬರೂ ನಿಂತಿದ್ದೇವೆ. ಈ ವರ್ಷ ನನಗೆ ಒಬ್ಬಳೇ ನಿಲ್ಲುವ ಮನಸ್ಸಿಲ್ಲ. ದೀಪಾವಳಿಯ ನಿರ್ವಾಣ ಪೂಜೆ ಮುಗಿಸಿ ಮಹಾರಾಜರು ವಿಹಾರ ಹೊರಡುತ್ತಾರೆ, ಮತ್ತೆ ಎಂದು ಬರುತ್ತಾರೋ. ನಮ್ಮ ಯಜಮಾನರು ಅಷ್ಟರೊಳಗೆ ಬರುತ್ತಾರೆ, ಬಂದ ಮೇಲೆ ನಿಲ್ಲುತ್ತೇನೆ ಎಂದು ನಾನು ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ನನ್ನ ಮಾತು ನೀವು ಉಳಿಸಬೇಕು.

ನಿಮ್ಮ ಡ್ರಮ್ಮಿನ ಹಣ್ಣು, ನಮ್ಮ ಮಾಳಿಗೆಯ ಹಣ್ಣು, ಸವಳು ನೆಲ ಒಲ್ಲೆನೆಂದರೂ ನೀವು ಹಟ ಹಿಡಿದು ಬೆಳೆದ ಹಣ್ಣು. ಅದರ ಕಾಳು ಬಿಡಿಸಿ ಮಹಾರಾಜರ ಅಂಜಲಿಗೆ ಹಾಕುವಾಗ ನಿಮ್ಮ ಕೈ ಇರಬೇಡವೇ? ಅದನ್ನು ನಾನು ಕೀಳುವುದಿಲ್ಲ. ಸಮ್ಮೇದನಿಗೂ ಮುಟ್ಟಬೇಡ ಎಂದಿದ್ದೇನೆ. ಪಾವಟಿಗೆಯ ಮಗ್ಗಲಿಗೆ ಸಮ್ಮೇದ ಕಬ್ಬಿಣದ ಕಂಬಿ ಕೂಡಿಸಿದ್ದಾನೆ, ಹಸಿರು ಬಣ್ಣವನ್ನೂ ಬಳಿದಿದ್ದಾನೆ. ಒಂದೊಂದೇ ಪಾವಟಿಗೆ, ನಡುವೆ ಕೂತು ಹತ್ತಿದರೂ ನಡೆಯುತ್ತದೆ, ನನಗೇನು ಅವಸರವಿಲ್ಲ. ಹತ್ತಿ ಬಂದು ನಿಮ್ಮ ಮೂವರನ್ನೂ ನೋಡಿ. ಆಮೇಲೂ ಅಕ್ಕುತಾಯಿಗೆ ಕೊಡಬೇಕು ಎನಿಸಿದರೆ ನಿಮ್ಮ ಕೈಯಾರೆ ಕೊಡಿ, ನಾನು ಅಡ್ಡ ಬರುವುದಿಲ್ಲ. ಅವಳು ಮಾತ್ರ, "ಮಾಲಕ್ರ ಕೊಟ್ಟಾರ? ಕೊಡೂದಿಲ್ಲ ತಗೋ" ಎಂದು ಈಗಲೇ ನಗುತ್ತಿದ್ದಾಳೆ. ಅವಳೇ ನಿಮಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಾಳೆ, ಚೀಲದಲ್ಲಿದೆ, ಹಗಲಿರುವಾಗಲೇ ತಿನ್ನಿ.

ತೃಪ್ತಿಗೂ ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಇಷ್ಟು ದಿನ ನಿಮ್ಮನ್ನು ಹೂವಿನಂತೆ ನೋಡಿಕೊಂಡಿದ್ದಾಳೆ, ಅವಳ ಮುಂದೆ ಗೊಣಗಬೇಡಿ. ಸಮ್ಮೇದ, ನೀಲಮ ನಿಮಗೆ ನಮಸ್ಕಾರ ಹೇಳಿದ್ದಾರೆ. ನಿಮ್ಮ ಎರಡೂ ಪಾದಗಳಿಗೆ ನನ್ನ ನಮಸ್ಕಾರ, ಬಲಗಾಲಿಗೆ ಒಂದು ಹೆಚ್ಚು.

ದಾರಿ ನೋಡುತ್ತಿರುವ
ನಿಮ್ಮ ಜಿನಮತಿ

ತಾಜಾ ಕಲಂ: ಸಮ್ಮೇದ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗಾಡಿಯಲ್ಲಿ ನಿಮ್ಮನ್ನು ಕೂಡಿಸಿಕೊಂಡು ಬಾ, ವಾಕರ್ ಮಿರಜದಲ್ಲೇ ಬಿಟ್ಟು ಬಾ ಎಂದು ಅವನಿಗೆ ಹೇಳಿದ್ದೇನೆ. ಬೈಯುವುದಿದ್ದರೆ ನನಗೇ ಬೈಯಿರಿ, ಅವನಿಗಲ್ಲ. ಬಾಗಿಲಲ್ಲಿ ನಾನು ನಿಮ್ಮ ಪಕ್ಕಕ್ಕೇ ನಿಂತಿರುತ್ತೇನೆ, ಹಿಡಿಯುವುದಿಲ್ಲ, ಬಿದ್ದರೆ ಮಾತ್ರ ಹಿಡಿಯುತ್ತೇನೆ. ಎರಡೂ ಕೈಯಲ್ಲಿ ವಾಕರ್ ಹಿಡಿದು ನಿಂತರೆ, ನೀವೇ ಹೇಳಿ, ಕಳಸ ಹಿಡಿಯುವುದು ಯಾವ ಕೈಯಲ್ಲಿ?